ಒನೋರಿನಾಳ ತಟ್ಟೆ, ನನ್ನ ಎಡಗಿವಿ

ನಮ್ಮ ಬಹಿಯಾದ ಕೊಲ್ಲಿಯ ಸುತ್ತ ಎಷ್ಟು ಊರಿವೆಯೋ ಅಷ್ಟೂ ಊರಿಗೆ ಹೋಗಿ ವಿಚಾರಿಸಿ. ಸಾಂಬಾದ ಹಾಡು-ಕುಣಿತದಲ್ಲಿ ಈ ಬೆಲರ್ಮೀನೊಗೆ, ಅಂದರೆ ನನಗೆ, ಜವಾಬು ಕೊಡಲಾಗದ ಸವಾಲು ಇನ್ನೂ ಯಾರ ಗಂಟಲಲ್ಲೂ ಹುಟ್ಟಿಲ್ಲ. ನನ್ನ ತಲೆಯಲ್ಲಿ ಸಾವಿರದ ಎಂಟು ಜವಾಬುಗಳಿವೆ. ಅದಕ್ಕೇ ನನಗೆ ಟೋಪಿ ಒಂದಳತೆ ದೊಡ್ಡದು ಬೇಕು. ಹತ್ತು ತಂತಿಯ ನನ್ನ ಪುಟ್ಟ ವಿಯೋಲವನ್ನು ಎದೆಗೊತ್ತಿ ಮೀಟಿದೆನೆಂದರೆ ಕಾಂಡ್ಲಾ ಕಾಡಿನ ಏಡಿಗಳು ಅಡ್ಡಡ್ಡ ಹೋಗುವುದನ್ನು ಬಿಟ್ಟು ನೆಟ್ಟಗೆ ನಡೆಯುತ್ತವೆ. ನಂಬದವರು ಏಡಿಗಳನ್ನೇ ಕೇಳಬಹುದು.

ಆದರೆ ಈಗ ಹೇಳುವುದು ನನ್ನ ಕಥೆಯಲ್ಲ, ಒನೋರಿನಾಳದು.

ಪೊಂತಾ ದೊ ಸಿರಿ ಎಂಬ ನಮ್ಮೂರಿನಲ್ಲಿ ಅವಳು ಚಿಪ್ಪು ಆಯುವವಳು. ಎಪ್ಪತ್ತೊಂದು ವರ್ಷ. ಇಳಿತದ ಹೊತ್ತಿಗೆ ಬುಟ್ಟಿ ಹಿಡಿದು ಕೆಸರಿಗಿಳಿದರೆ ಭರತದ ನೀರು ಬಂದು ಸೊಂಟ ಮುಟ್ಟುವ ತನಕ ಮೇಲೇಳುವವಳಲ್ಲ. ಸಮುದ್ರವೇ ಇವಳ ಹತ್ತಿರ ಒಂದು ಮಾತು ಕೇಳಿ ಆಮೇಲೆ ಏರುತ್ತದೆಂದು ನಾವು ಅನ್ನುವುದುಂಟು. ಅರವತ್ತು ವರ್ಷ ಕೆಸರಿನಲ್ಲಿ ಪಾದ ಜಾರಿಸಿದವಳಿಗೆ ನಮ್ಮ ಕುಣಿತವನ್ನು ಯಾರೂ ಕಲಿಸಬೇಕಾಗಲಿಲ್ಲ. ನಮ್ಮಲ್ಲಿ ಪಾದ ನೆಲ ಬಿಡಬಾರದು. ಸಣ್ಣ ಸಣ್ಣಗೆ ಹಿಟ್ಟು ಜರಡಿ ಹಿಡಿದ ಹಾಗೆ ಜರುಗಬೇಕು. ಒನೋರಿನಾ ತುಂಬಿದ ಲೋಟವನ್ನು ತಲೆಯ ಮೇಲಿಟ್ಟುಕೊಂಡು ಕುಣಿದರೆ ನೀರಿಗೆ ತಾನು ತಲೆಯ ಮೇಲಿದ್ದೇನೋ ಬಾವಿಯಲ್ಲಿದ್ದೇನೋ ಗೊತ್ತಾಗುತ್ತಿರಲಿಲ್ಲ.

ಕುಣಿಯದಿದ್ದಾಗ ಅವಳು ತಟ್ಟೆ ನುಡಿಸುತ್ತಾಳೆ. ಊಟದ ಪಿಂಗಾಣಿ ತಟ್ಟೆಯ ಅಂಚಿಗೆ ಅಡುಗೆಮನೆಯ ಚಾಕು ಕೆರೆದು ತಾಳ ಹಿಡಿಯುವುದು. ಅವಳ ಅವ್ವನ ತಟ್ಟೆ ಅದು, ಒಂದು ಕಡೆ ಮುಕ್ಕಾಗಿದೆ. ನಲವತ್ತು ವರ್ಷದಿಂದ ಅವಳ ಜಾಗ ನನ್ನ ಎಡಮೊಣಕೈ ಪಕ್ಕ. ಅವಳ ಅವಳಿ ಮಕ್ಕಳಲ್ಲಿ ಒಬ್ಬನಿಗೆ ನಾನು ಜ್ಞಾನಪಿತ, ಇಗರ್ಜಿಯಲ್ಲಿ ಎತ್ತಿಕೊಂಡ ಧರ್ಮದ ತಂದೆ. ಹಾಗಾಗಿ ನನಗವಳು ಕೊಮಾದ್ರಿ, ಅವಳಿಗೆ ನಾನು ಕೊಂಪಾದ್ರಿ.

ಆ ಅವಳಿಗಳು, ಕೋಸ್ಮಿ ಮತ್ತು ದಮಿಯಾಂವ್, ಹುಟ್ಟಿದಾಗ ಎರಡೂ ಸೇರಿ ಒಂದು ಪೂರ್ತಿ ಮಗುವಿನಷ್ಟು ತೂಗುತ್ತಿರಲಿಲ್ಲ. ಒನೋರಿನಾ ಅದೇ ಹೆಸರಿನ ಅವಳಿ ಸಂತರ ಗೊಂಬೆಗಳ ಮುಂದೆ ಹರಕೆ ಹೊತ್ತಳು: ಇವರನ್ನು ಉಳಿಸಿಕೊಡಿ, ಪ್ರತಿ ಸೆಪ್ಟೆಂಬರಿನಲ್ಲಿ ನಿಮ್ಮ ದಿನ ಊರಿಗೆಲ್ಲ ಬೆಂಡೆಕಾಯಿ ಕರುರು ಬಡಿಸುತ್ತೇನೆ, ನನ್ನ ಕಾಲು ಜರುಗುತ್ತಿರುವ ತನಕ ನಿಮ್ಮ ಕಣ್ಣೆದುರು, ಈ ಅಂಗಳದಲ್ಲೇ, ಮೊದಲು ನಾನೇ ಸಾಂಬಾಕ್ಕೆ ಇಳಿಯುತ್ತೇನೆ. ಮಕ್ಕಳು ಉಳಿದವು. ಈಗ ಒಬ್ಬ ಡೋಲು, ಒಬ್ಬ ಖಂಜರಿ. ಇಬ್ಬರೂ ಬಾಗಿಲಲ್ಲಿ ಬಗ್ಗಿ ಬರುವಷ್ಟು ಎತ್ತರ. ಹರಕೆ ಒಂದು ವರ್ಷವೂ ತಪ್ಪಿರಲಿಲ್ಲ.

ತಪ್ಪಿಸಲು ಹೊರಟವನು ನಾನು.

ಆದದ್ದಿಷ್ಟೆ. ಹೊಳೆಯಾಚೆಯ ಲಾಪಾ ಊರಿನ ಹಾಡುಗಾರ ಕ್ಲಿಮೇರಿಯು ಮೀನುಕಟ್ಟೆಯಲ್ಲಿ ಸಿಕ್ಕಿದ. ಕಬ್ಬಿನ ಸಾರಾಯಿ ಎರಡು ಸುತ್ತು ಆಗಿತ್ತು.

"ಏನಜ್ಜಾ, ಇನ್ನೂ ಹಾಡ್ತೀಯೋ, ಇಲ್ಲಾ ಬರೀ ಕೆಮ್ಮುತೀಯೋ?" ಅಂದ.

"ನನ್ನ ಕೆಮ್ಮಿಗೆ ನಿಮ್ಮೂರು ಎರಡು ಸಲ ಕುಣಿದಿದೆ ಕಣೋ," ಅಂದೆ. ಅಲ್ಲಿಗೆ ನಿಲ್ಲಿಸಬೇಕಿತ್ತು. ನಿಲ್ಲಿಸಲಿಲ್ಲ. "ಈ ಕರುರು ದಿನ ಬಾ. ನೀನು ಮೂರು ಸಲ ಹಾಡೋದ್ರೊಳಗೆ ನಮ್ಮೂರಿಂದ ಜವಾಬು ಬರದಿದ್ರೆ, ಮುಂದಿನ ವರ್ಷದಿಂದ ಸಾಂಬಾ ನಿಮ್ಮೂರಲ್ಲೇ ನಡೀಲಿ!"

ಕಟ್ಟೆಯ ಜನವೆಲ್ಲ ಸಾಕ್ಷಿ. ನಾನು ಮನೆ ಮುಟ್ಟುವ ಮೊದಲೇ ಸುದ್ದಿ ಒನೋರಿನಾಳ ಮನೆ ಮುಟ್ಟಿತ್ತು. ಅವಳು ಒಣಸೀಗಡಿ ಕುಟ್ಟುತ್ತಿದ್ದಳು. ನನ್ನನ್ನು ನೋಡಿ ಒನಕೆಯನ್ನು ಗಾಳಿಯಲ್ಲೇ ನಿಲ್ಲಿಸಿದಳು.

"ನನ್ನ ಅಂಗಳ ಪಣಕ್ಕಿಟ್ಯಾ, ಕೊಂಪಾದ್ರಿ?"

"ಸೋತರೆ ತಾನೇ, ಕೊಮಾದ್ರಿ? ನನ್ನನ್ನ ಸೋಲಿಸೋರು..."

"ನಿನ್ನನ್ನ ಸೋಲಿಸೋಕೆ ಹೊರಗಿನೋರು ಯಾಕೆ ಬೇಕು? ನಿನ್ನ ಬಾಯೇ ಸಾಕು. ಈ ಸಲ ಆ ಬಾಯಿನ ನೀನೇ ನೋಡ್ಕೋ."

ಆ ಮಾತಿನ ತೂಕ ನನಗೆ ಆಗ ತಿಳಿಯಲಿಲ್ಲ. ತಿಳಿದಿದ್ದರೆ ಆ ಕ್ಷಣವೇ ದೋಣಿ ಹತ್ತಿ ಆಫ್ರಿಕಾಕ್ಕೆ ಹುಟ್ಟು ಹಾಕಿಬಿಡುತ್ತಿದ್ದೆ.

ಕರುರು ದಿನ ಮಧ್ಯಾಹ್ನ. ತಾಳೆಯೆಣ್ಣೆಯ ವಾಸನೆಗೆ ಮೂರು ಮೈಲಿ ದೂರದ ಹಡಗುಗಳು ದಿಕ್ಕು ಬದಲಿಸಿದವೆಂದು ಹೇಳುತ್ತಾರೆ; ಹೇಳುವವನು ನಾನೇ. ಪದ್ಧತಿಯಂತೆ ಏಳು ಮಕ್ಕಳು ಮೊದಲು ಚಾಪೆಯ ಮೇಲೆ ಕೂತು ಒಂದೇ ಬೋಗುಣಿಗೆ ಕೈ ಹಾಕಿ ತಿಂದರು. ಆಮೇಲೆ ದೊಡ್ಡವರು. ಲಾಪಾದಿಂದ ಮೂರು ದೋಣಿ ತುಂಬ ಜನ ಬಂದರು. ಕ್ಲಿಮೇರಿಯು, ಅವನ ತಮ್ಮ, ಅವನ ಮುದಿ ತಾಯಿ, ಜೊತೆಗೆ ಗೆಲುವನ್ನು ಒಯ್ಯಲು ಒಂದು ಖಾಲಿ ದೋಣಿ ಬೇರೆ! ಅಷ್ಟು ಕೊಬ್ಬು.

ನಾವು ಕುರ್ಚಿ ಹಾಕಿಕೊಂಡೆವು. ನಾನು, ನನ್ನ ಜೊತೆ ಹಾಡುವ ಭಾವಮೈದ ತೆಯೊತೋನಿಯು, ಎಡಕ್ಕೆ ತಟ್ಟೆ ಹಿಡಿದ ಒನೋರಿನಾ. ಹೆಂಗಸರು ಅಗಲ ಲಂಗ ಸರಿಮಾಡಿಕೊಂಡು ಸುತ್ತ ನಿಂತರು. ಅವರ ಪಾದಗಳು ಆಗಲೇ ಚಡಪಡಿಸುತ್ತಿದ್ದವು. ಆದರೆ ಹಾಡು ನಡೆಯುವಾಗ ನಮ್ಮಲ್ಲಿ ಯಾರೂ ಕುಣಿಯುವಂತಿಲ್ಲ. ಒಂದು ಜೋಡಿ ಸವಾಲು ಹಾಡಬೇಕು, ಇನ್ನೊಂದು ಜೋಡಿ ಜವಾಬು ಕೊಡಬೇಕು, ಆಮೇಲೆ ವಾದ್ಯ ಮಾತ್ರ ಉಳಿದಾಗ ಒಬ್ಬಳೇ ಒಬ್ಬಳು ಇಳಿಯಬೇಕು. ಜವಾಬಿಲ್ಲದಿದ್ದರೆ ಕುಣಿತವಿಲ್ಲ. ಒಮ್ಮೆ ಪಟ್ಟಣದ ದೊಡ್ಡ ಅಧಿಕಾರಿಯೊಬ್ಬರ ಹೆಂಡತಿ ಹಾಡಿನ ನಡುವೆಯೇ ಸೊಂಟ ಆಡಿಸುತ್ತ ನುಗ್ಗಿದಾಗ ಒನೋರಿನಾ, "ತಾಯಿ, ಅಡುಗೆ ಇನ್ನೂ ಒಲೆ ಮೇಲಿದೆ. ಆಗ್ಲೇ ಊಟಕ್ಕೆ ಕೂತ್ಬಿಟ್ರಾ?" ಎಂದು ಹಿಂದೆ ಕಳಿಸಿದ್ದಳು.

ಕ್ಲಿಮೇರಿಯು ಗಂಟಲು ಸರಿಮಾಡಿಕೊಂಡ. ತಮ್ಮನೊಂದಿಗೆ ದನಿ ಎತ್ತಿದ:

"ಹೊಳೆಯ ದಾಟಿ ಬಂದೆನಮ್ಮಾ, ದೋಣಿಗೊಂದೇ ಹುಟ್ಟು;
ಭರತ ಏರೋ ಹೊತ್ತಿನಲ್ಲಿ ಬಾಗಿಲ್ಯಾಕೆ ಮುಚ್ಚಿತ್ತು?"

ಹಳೆಯ ಸವಾಲು. ಎಷ್ಟು ಹಳೆಯದೆಂದರೆ, ನಮ್ಮ ಅಜ್ಜಂದಿರಿಗೂ ಅದನ್ನು ಅವರ ಅಜ್ಜಂದಿರು ನೆನಪಿಸಿಕೊಡಬೇಕಿತ್ತು. ನಾನು ಬಾಯಿ ತೆರೆದೆ. ಒಳಗಿನಿಂದ ಗಾಳಿ ಬಂತು. ಸಾವಿರದ ಎಂಟು ಜವಾಬುಗಳಲ್ಲಿ ಒಂದೂ ಬರಲಿಲ್ಲ.

ಇಲ್ಲೊಂದು ವಿಷಯ ಹೇಳಲೇಬೇಕು. ಪಾದ್ರಿಯ ಹತ್ತಿರವೂ ಹೇಳಿಲ್ಲ. ನಲವತ್ತು ವರ್ಷದಿಂದ ನಾನು ಮರೆತಾಗಲೆಲ್ಲ ನನ್ನ ಎಡಗಿವಿಗೆ, ತಟ್ಟೆ ಕೆರೆಯುವ ಸದ್ದಿನ ಮರೆಯಲ್ಲಿ, ಜವಾಬಿನ ಮೊದಲ ಮಾತು ಬಂದು ಬೀಳುತ್ತಿತ್ತು. ಒನೋರಿನಾ ತುಟಿ ಅಲುಗಿಸದೆ ಹೇಳುತ್ತಿದ್ದಳು. ಎಷ್ಟು ನಯವಾಗಿ ಹೇಳುತ್ತಿದ್ದಳೆಂದರೆ, ಕೊನೆಕೊನೆಗೆ ಅದು ನನ್ನದೇ ತಲೆಯಿಂದ ಬರುತ್ತಿದೆಯೆಂದು ನಾನು ಪ್ರಾಮಾಣಿಕವಾಗಿ ನಂಬಿಬಿಟ್ಟಿದ್ದೆ.

ಎಡಗಿವಿಯನ್ನು ಅವಳತ್ತ ವಾಲಿಸಿದೆ. ತಟ್ಟೆ ಕರ್ರ್ ಕರ್ರ್ ಎನ್ನುತ್ತಿತ್ತು. ಮಾತಿಲ್ಲ. ಹೊಲಿದ ಚೀಲದ ಹಾಗೆ ಅವಳ ತುಟಿ ಬಿಗಿದಿತ್ತು.

"ಕೊಮಾದ್ರಿ," ಹಲ್ಲಿನ ಸಂದಿಯಿಂದ ಅಂದೆ, "ಮೊದಲನೇ ಮಾತು..."

"ಬಾಯಿ ನಿಂದು," ಅಂದಳು.

ಕ್ಲಿಮೇರಿಯು ಎರಡನೆಯ ಸಲ ಹಾಡಿದ. ತೆಯೊತೋನಿಯುವನ್ನು ನೋಡಿದೆ. ಅವನು ಆಕಾಶದಲ್ಲಿ ಹಕ್ಕಿ ಎಣಿಸುತ್ತಿದ್ದ. ಕೋಸ್ಮಿಯ ಡೋಲು ತಡವರಿಸಿತು. ಹೆಂಗಸರ ಲಂಗಗಳು ಗಾಳಿ ಸತ್ತ ಹಾಯಿಯಂತೆ ಇಳಿಬಿದ್ದವು. ನಾನು ವಿಯೋಲದ ಶ್ರುತಿ ಸರಿಮಾಡುವ ನಾಟಕ ಹೂಡಿದೆ. ಸರಿಯಿದ್ದ ಶ್ರುತಿ ಕೆಟ್ಟಿತು.

"ಅಜ್ಜಂಗೆ ಕೆಮ್ಮೂ ಬರ್ತಿಲ್ಲ!" ಎಂದು ಲಾಪಾದ ಯಾರೋ ಕೂಗಿದರು. ನಗು ಅಂಗಳ ತುಂಬಿತು. ಕ್ಲಿಮೇರಿಯು ಮೂರನೆಯ ಸಲ ಎತ್ತಿಕೊಂಡ, ನಿಧಾನವಾಗಿ, ಕಬ್ಬು ಜಗಿದ ಹಾಗೆ ಒಂದೊಂದೇ ಮಾತಿನ ರಸ ಹೀರುತ್ತ. ಒನೋರಿನಾ ಬಾಗಿಲೊಳಗಿನ ಸಂತರ ಗೊಂಬೆಗಳನ್ನು ನೋಡಿದಳು. ತನ್ನ ಪಾದ ನೋಡಿಕೊಂಡಳು. "ಬಾಗಿಲ್ಯಾಕೆ..." ಎನ್ನುವಲ್ಲಿಗೆ ಹಾಡು ಬಂತು.

ನನ್ನ ತೊಡೆಯ ಮೇಲೆ ಏನೋ ಠಣ್ಣೆಂದು ಬಿತ್ತು. ಮುಕ್ಕು ತಟ್ಟೆ, ಅದರ ಮೇಲೆ ಚಾಕು. ಒನೋರಿನಾ ಎದ್ದು ನಿಂತಿದ್ದಳು. "ಮುಚ್ಚಿತ್ತು" ಎಂಬುದು ಕ್ಲಿಮೇರಿಯುವಿನ ತುಟಿಯಿಂದ ಉದುರಿತೋ ಇಲ್ಲವೋ, ಅವಳು ಹಿಡಿದಳು:

"ಮುಚ್ಚಲಿಲ್ಲ ಬಾಗಿಲಣ್ಣಾ, ಗಾಳಿ ತಳ್ಳಿತಷ್ಟೆ;
ಕಾಲು ತೊಳೆದು ಒಳಗೆ ಬಾರೋ, ಕೆಸರು ಹೊರಗೇ ಬಿಟ್ಟೇ!"

ಏನು ದನಿ! ತೆಂಗಿನ ಮರದಲ್ಲಿದ್ದ ಎಳನೀರು ಬಲಿತು ಕಾಯಾಯಿತು. ನಮ್ಮಲ್ಲಿ ಗಂಡಸರು ಹಾಡುವುದೇ ರೂಢಿ. ಆ ದನಿ ಇಷ್ಟು ವರ್ಷ ಚಿಪ್ಪಿನೊಳಗೆ ಕೂತಿತ್ತು. ಎರಡನೆಯ ಸಾಲಿಗೆ ಜೊತೆ ಬೇಕಲ್ಲ, ನಾನೇ ಕೆಳದನಿ ಕೊಟ್ಟೆ. ಜೀವಮಾನದಲ್ಲಿ ಮೊದಲ ಬಾರಿಗೆ ಇನ್ನೊಬ್ಬರ ಕೆಳಗೆ.

"ಇದು ಲೆಕ್ಕಕ್ಕಿಲ್ಲ! ಹೆಂಗಸು ಜವಾಬು ಕೊಡೋದು ಎಲ್ಲಾದ್ರೂ ಉಂಟಾ?" ಕ್ಲಿಮೇರಿಯು ಕುರ್ಚಿಯಿಂದ ಹಾರಿದ.

"ಊರಿಂದ ಜವಾಬು ಬರ್ಬೇಕು ಅಂತ ತಾನೇ ಪಣ?" ಒನೋರಿನಾ ಕೇಳಿದಳು. "ನಾನೇನು ಚಂದ್ರಲೋಕದೋಳಾ?"

ಅಷ್ಟರಲ್ಲಿ ಅವನ ತಾಯಿಯೇ ಊರುಗೋಲನ್ನು ಮಗನ ಕೈಗೆ ತುರುಕಿ ಲಂಗ ಎತ್ತಿಕಟ್ಟಿದಳು. "ಕೂತ್ಕೊಳ್ಳೋ ಸಾಕು. ಜವಾಬು ಸರಿಯಾಗಿದೆ. ಇವಳ ನಂತರ ನನ್ನ ಸರದಿ!"

ವಿಯೋಲ ಗುಡುಗಿತು. ಡೋಲು, ಖಂಜರಿ, ನೂರು ಕೈಗಳ ಚಪ್ಪಾಳೆ! ಒನೋರಿನಾ ಇಳಿದಳು. ಸೊಂಟದ ಮೇಲೆ ದೇವಾಲಯದಷ್ಟು ಶಾಂತಿ, ಕೆಳಗೆ ಬಿಸಿ ಹಂಚಿನ ಮೇಲಿನ ಜೋಳ. ಪಾದ ನೆಲ ಬಿಡಲಿಲ್ಲ. ನೆಲವೇ ಅವಳ ಪಾದ ಬಿಡಲೊಲ್ಲದು. ಮಗನ ಡೋಲಿಗೆ ವಂದಿಸಿದಳು, ಇನ್ನೊಬ್ಬ ಮಗನ ಖಂಜರಿಗೆ ವಂದಿಸಿದಳು, ಬಾಗಿಲ ಬಳಿ ಜರುಗಿ ಸಂತರಿಗೆ ತಲೆಬಾಗಿದಳು. ಆಮೇಲೆ ನನ್ನ ವಿಯೋಲದ ಮುಂದೆ ಬಂದು ನಿಂತು, "ಹೂಂ, ಮೀಟು!" ಎನ್ನುವಂತೆ ಗದ್ದ ಎತ್ತಿದಳು. ಮೀಟಿದೆ. ಒಂದು ತಂತಿ ಹೋಯಿತು. ಮೀಟಿದೆ. ಇನ್ನೊಂದು ಹೋಯಿತು. ಎಂಟರಲ್ಲೇ ಮೀಟಿದೆ, ಆರರಲ್ಲಿ ಮೀಟಿದೆ. ಅವಳು ದಣಿಯಲಿಲ್ಲ. ಕೊನೆಗೆ ನನ್ನ ಮೇಲೆ ಕನಿಕರಪಟ್ಟು, ಕ್ಲಿಮೇರಿಯುವಿನ ತಾಯಿಯ ಹೊಕ್ಕುಳಿಗೆ ನಮ್ಮ ಪದ್ಧತಿಯಂತೆ ಹೊಕ್ಕುಳು ತಾಗಿಸಿ ಸರದಿ ಕೊಟ್ಟಳು. ಆ ಮುದುಕಿ ಇಳಿದ ಮೇಲೆ ಲಾಪಾದವರೂ ನಾವೂ ಯಾರು ಯಾರೆಂದು ಗುರುತು ಹಿಡಿಯುವಂತಿರಲಿಲ್ಲ. ತಂದಿದ್ದ ಖಾಲಿ ದೋಣಿ ತುಂಬ ಉಳಿದ ಕರುರುವನ್ನು ಹೇರಿ ಕಳಿಸಿದೆವು.

ಸಂಜೆ ಅಂಗಳದಲ್ಲಿ ಕುರ್ಚಿ ಮಡಚುತ್ತ ಅವಳ ಬಳಿ ಹೋದೆ. ತಟ್ಟೆ ಇನ್ನೂ ನನ್ನ ಕಂಕುಳಲ್ಲೇ ಇತ್ತು.

"ಕೊಮಾದ್ರಿ, ಎಂದಿನ ಹಾಗೆ ಕಿವೀಲಿ ಹೇಳಿದ್ರೆ ಏನಾಗ್ತಿತ್ತು? ಊರೆದುರು ನನ್ನ ಮಾನ ಉಳೀತಿತ್ತು."

"ನಲವತ್ತು ವರ್ಷ ನಿನ್ನ ಕಿವಿಗೆ ಹೇಳಿದೆ. ಒಂದ್ಸಲ ಊರ ಕಿವಿಗೇ ಹೇಳೋಣ ಅನ್ನಿಸ್ತು."

"ಸರಿ. ಹಾಗಾದ್ರೆ ಈ ತಟ್ಟೆ?"

"ನೀನೇ ಇಟ್ಕೋ, ಕೆರೆಯೋದು ಕಲಿ. ಬರೋ ವರ್ಷದಿಂದ ಹಾಡೋದು ನಾನು. ನನ್ನ ಎಡಕ್ಕೆ ಕೂತು, ನಾನು ಮರೆತಾಗ ಮಾತ್ರ ಬಾಯಿ ತೆಗಿ," ಅಂದಳು. ನಾಲ್ಕು ಹೆಜ್ಜೆ ಹೋಗಿ ತಿರುಗಿದಳು. "ನಾನು ಮರೆಯೋಳಲ್ಲ."