ಹುಸೇನ್‌ಬಿ ನಮ್ಮ ಮನೆಗೆ ಬಂದ ಭಾನುವಾರ

೧೯೮೪ರ ಬೇಸಿಗೆ. ಬೊಂಬಾಯಿಯಲ್ಲಿ ಆಕ್ಯುಪೇಷನಲ್ ಥೆರಪಿ ಪದವಿ ಮುಗಿಸಿ ಬಂದ ನಾನು ರಾಯಚೂರಿನ ಒಂದು ಆಸ್ಪತ್ರೆಯಲ್ಲಿ ಕೆಲಸಕ್ಕಿದ್ದೆ. ಲಕ್ವ ಹೊಡೆದೋ ಪೆಟ್ಟು ಬಿದ್ದೋ ಕೈಕಾಲು ಸೋತವರಿಗೆ ಉಣ್ಣುವುದು, ಉಡುವುದು, ತಮ್ಮ ಕಸುಬು ಮಾಡುವುದನ್ನು ಮತ್ತೆ ರೂಢಿ ಮಾಡಿಸುವುದು ನನ್ನ ಕೆಲಸ. ಅದರಲ್ಲೇ ಸ್ನಾತಕೋತ್ತರ ಓದಬೇಕೆಂದು ಅರ್ಜಿ ತರಿಸಿಟ್ಟಿದ್ದೆ.

ಮಾನ್ವಿಯಲ್ಲಿದ್ದ ಅಪ್ಪ ಒಪ್ಪಲಿಲ್ಲ. ಅವರು ಶಾಲೆಯ ಮಾಸ್ತರರು, ಓದಿಗೆ ಎಂದೂ ಅಡ್ಡಿ ಮಾಡಿದವರಲ್ಲ. ಆದರೆ ಈ ಓದು ಏನೆಂದೇ ಅವರಿಗೆ ತಿಳಿಯುತ್ತಿರಲಿಲ್ಲ. "ಡಾಕ್ಟರೂ ಅಲ್ಲ, ನರ್ಸೂ ಅಲ್ಲ. ಕೇಳಿದವರಿಗೆ ಏನಂತ ಹೇಳ್ಲಿ?" ಎನ್ನುತ್ತಿದ್ದರು. ಮನೆಯಲ್ಲಿ ವರ ನೋಡುವ ಮಾತೂ ನಡೆದಿತ್ತು.

ಆಗ ನನ್ನ ಬಳಿ ಬರುತ್ತಿದ್ದವರಲ್ಲಿ ದೇವದುರ್ಗದ ಹುಸೇನ್‌ಬಿ ಒಬ್ಬರು. ಸಂತೆಯಲ್ಲಿ ಬಳೆ ತೊಡಿಸಿ ಬದುಕುವವರು. ಲಕ್ವದಿಂದ ಬಲಗೈ ಸೋತಿತ್ತು. ಪ್ರತಿ ವಾರ ಬಸ್ಸು ಹತ್ತಿ ಬರುವರು. ಮೊದಲು ಹಿಟ್ಟು ನಾದಿಸಿದೆ, ಆಮೇಲೆ ಬಟ್ಟೆ ಸುತ್ತಿದ ಕಟ್ಟಿಗೆಗೆ ಬಳೆ ಏರಿಸುವುದನ್ನು ರೂಢಿ ಮಾಡಿಸಿದೆ. ಒಂದು ದಿನ ನನ್ನ ಮುಖ ನೋಡಿ, ಯಾಕೆ ಸಪ್ಪಗಿದ್ದೀ ಎಂದು ಕೇಳಿದರು. ಅಪ್ಪನ ಮಾತು, ಅರ್ಜಿಯ ಕೊನೆಯ ದಿನ ಹತ್ತಿರವಾದದ್ದು, ಎಲ್ಲ ಹೇಳಿಬಿಟ್ಟೆ. ಅವರು ನಮ್ಮ ಮನೆ ಮಾನ್ವಿಯಲ್ಲಿ ಎಲ್ಲಿದೆ ಎಂದಷ್ಟೇ ಕೇಳಿದರು.

ಆ ಭಾನುವಾರ ನಾನು ಊರಿನಲ್ಲಿದ್ದೆ. ಬಿಸಿಲೇರುವ ಹೊತ್ತಿಗೆ ಹುಸೇನ್‌ಬಿ ಬಳೆಯ ಮಲಾರ ಹೆಗಲಿಗೇರಿಸಿಕೊಂಡು ನಮ್ಮ ಬಾಗಿಲಲ್ಲಿ ನಿಂತಿದ್ದರು. ಅವ್ವ ನೀರು ಕೊಟ್ಟಳು. ಕುಡಿದವರೇ ಪಡಸಾಲೆಯಲ್ಲಿ ಕೂತು, "ಅಕ್ಕಾ, ಕೈ ಕೊಡ್ರಿ" ಎಂದರು.

ಕಾಯಿಲೆ ಬಿದ್ದ ಮೇಲೆ ಅವರು ಮನುಷ್ಯರ ಕೈಗೆ ಬಳೆ ಇಟ್ಟೇ ಇರಲಿಲ್ಲ. ಮೊದಲ ಬಳೆ ಗೆಣ್ಣಿನ ಹತ್ತಿರವೇ ಒಡೆದು ಅವ್ವನ ಕೈ ಗೀರಿತು. ನಾನು ಎದ್ದೆ. ಹುಸೇನ್‌ಬಿ ಕಣ್ಣಲ್ಲೇ ನನ್ನನ್ನು ತಡೆದರು. ಸೆರಗಿನಿಂದ ರಕ್ತ ಒರೆಸಿ, ಇನ್ನೊಂದು ಬಳೆ ತೆಗೆದರು. ಬೆರಳು ನಡುಗುತ್ತಿದ್ದವು. ಸ್ವಲ್ಪ ತಡೆದು, ಅವ್ವನ ಅಂಗೈ ಮೆಲ್ಲಗೆ ಹಿಚುಕಿ ನೂಕಿದರು. ಬಳೆ ಇಳಿಯಿತು. ಮತ್ತೊಂದು, ಮಗದೊಂದು. ಎರಡೂ ಕೈ ತುಂಬುವಷ್ಟರಲ್ಲಿ ಅವರ ಮುಖವೆಲ್ಲ ಬೆವೆತಿತ್ತು. ಪೇಪರು ಓದುತ್ತಿದ್ದ ಅಪ್ಪ ಯಾವಾಗಲೋ ಎದ್ದು ಬಂದು ನಿಂತಿದ್ದರು.

"ಮಾಸ್ತರ್ರ, ಈ ಕೈಲೆ ತುತ್ತು ಎತ್ತಾಕ ಬರ್ತಿದ್ದಿಲ್ಲ. ನಿಮ್ಮ ಮಗಳು ಕಲಿಸ್ಯಾಳ. ಕೇಳಿದವರಿಗೆ ಇದನ್ನ ಹೇಳ್ರಿ" ಎಂದರು ಹುಸೇನ್‌ಬಿ.

ಹುಸೇನ್‌ಬಿ ಚಹಾ ಕುಡಿದು ಹೋದ ಮೇಲೆ ಅಪ್ಪ ನನ್ನನ್ನು ಕರೆದು, "ಇದರಾಗ ಇನ್ನೂ ಕಲಿಯೂದು ಏನದ?" ಎಂದು ಕೇಳಿದರು. ನನ್ನ ಓದಿನ ಬಗ್ಗೆ ಅವರು ಕೇಳಿದ್ದು ಅದೇ ಮೊದಲು. ಊಟ ತಣ್ಣಗಾಗುವವರೆಗೆ ಹೇಳಿದೆ. ಮರುದಿನ ನನ್ನ ಜೊತೆ ರಾಯಚೂರಿಗೆ ಬಂದು ಅರ್ಜಿಯನ್ನು ತಾವೇ ಅಂಚೆಗೆ ಹಾಕಿದರು. ನನಗೆ ಸೀಟು ಸಿಕ್ಕಿತು.

ಈಗ ನಾನು ನಿವೃತ್ತಳು. ಹುಸೇನ್‌ಬಿ ಕೈ ಪೂರ್ತಿ ಗುಣವಾದ ಮೇಲೆ ಬರಬಹುದಿತ್ತು. ನನಗೆ ಅಷ್ಟು ಸಮಯವಿಲ್ಲವೆಂದು ತಿಳಿದು, ಇನ್ನೂ ನಂಬಿಕೆ ಬಾರದ ಕೈಯನ್ನೇ ಅಪರಿಚಿತರ ಮುಂದೆ ಚಾಚಿದರು. ಅಂಥ ಧೈರ್ಯವನ್ನು ನಾನು ಆಮೇಲೆ ಎಲ್ಲೂ ಕಾಣಲಿಲ್ಲ.