ಅಪ್ಪನ ಹಲ್ಲು ಪೇಟೆಗೆ ಬಂದ ದಿನ

ಅಪ್ಪನ ಕಟ್ಟಿಸಿದ ಹಲ್ಲಿನ ಮೇಲಿನ ಸೆಟ್ಟು ಮಾತಿನ ನಡುವೆ ಕಳಚಿ ಹೆಸರುಕಾಳಿನ ರಾಶಿಯೊಳಗೆ ಬೀಳಬಹುದಿತ್ತು. ಬಿದ್ದದ್ದು ಯಾರಿಗೂ ಕಾಣದೆ ಚೀಲ ಸೇರಿ, ಚೀಲ ಲಾರಿ ಸೇರಿ, ಅಪ್ಪನ ಹಲ್ಲು ಯಾವುದೋ ಊರಿನ ಬೇಳೆ ಮಿಲ್ಲಿಗೆ ಹೋಗಬಹುದಿತ್ತು. ಕಾಳು ಕಡಿಯಲು ಹೋಗಿ ಹಲ್ಲೇ ಸೀಳಬಹುದಿತ್ತು. ಕಾಳು ಸೆಟ್ಟಿನ ಕೆಳಗೆ ಹೊಕ್ಕು ವಸಡು ಚುಚ್ಚಿ, ಎಲ್ಲರೆದುರು ಬಾಯಿಗೆ ಬೆರಳು ಹಾಕಬೇಕಾಗಬಹುದಿತ್ತು. ನಾಲಿಗೆ ಒಣಗಿ ಅಂಗುಳಕ್ಕೆ ಅಂಟಿ ಮಾತೇ ಹೊರಡದಿರಬಹುದಿತ್ತು. ದವಾಖಾನೆಯವರು ಬೇರೆ ಯಾರದೋ ಹಲ್ಲು ಕೊಟ್ಟಿರಬಹುದಿತ್ತು. ಇದನ್ನು ನನ್ನ ಹೆಂಡತಿಗೆ ಹೇಳಿದಾಗ ಆಕೆ, "ಹಂಗಾರ ನಿಮ್ಮ ತಲಿನೂ ಯಾರದೋ ಇರಬೇಕ ಬಿಡ್ರಿ," ಎಂದಳು. ನೀರಿನ ಬಾಟಲಿ ಮನೆಯಲ್ಲೇ ಉಳಿಯಬಹುದಿತ್ತು. ಅದಕ್ಕೆಂದೇ ಮೂರು ಸಲ ಚೀಲ ಬಿಚ್ಚಿ ನೋಡಿದ್ದೆ.

ಇದೆಲ್ಲ ಆಗಬಹುದಾಗಿದ್ದದ್ದು ನರಗುಂದದ ಕಾಳಿನ ಪೇಟೆಯಲ್ಲಿ, ಎರಡು ಸಾವಿರದ ಇಸವಿ ದಾಟಿ ನಾಲ್ಕೈದು ವರ್ಷವಾದ ಮೇಲಿನ ಒಂದು ಶ್ರಾವಣದಲ್ಲಿ.

ಅಲ್ಲಿ ಅಪ್ಪನದೊಂದು ಸಣ್ಣ ದಲಾಲಿ ಅಂಗಡಿ. ಅಂಗಡಿಗಿಂತ ಅವನ ಹಲ್ಲೇ ಪ್ರಸಿದ್ಧ. ಹೆಸರುಕಾಳಿನ ಸುಗ್ಗಿ ಮಳೆಗಾಲದಲ್ಲೇ ಬರುವುದರಿಂದ ಕಾಳು ಒಣಗಿದೆಯೋ ಹಸಿ ಇದೆಯೋ ಎಂಬುದೇ ದಿನದ ತಕರಾರು. ಅಪ್ಪ ಕಾಳನ್ನು ಅಂಗೈಯಲ್ಲಿ ತಿಕ್ಕಿ, ಒಂದನ್ನು ಮುಂದಿನ ಹಲ್ಲಿಗಿಟ್ಟು ಕಡಿಯುತ್ತಿದ್ದ. ಕಟ್ ಎಂದು ಎರಡು ಹೋಳಾದರೆ ಒಣಗಿದ್ದು, ಸಪ್ಪಳವಿಲ್ಲದೆ ಚಪ್ಪಟೆಯಾದರೆ ಹಸಿ. ಮಾರುವವರೂ ಕೊಳ್ಳುವವರೂ ಜಗಳಾಡುತ್ತ ಬಂದು ಅವನ ಬಾಯಿಯನ್ನೇ ನೋಡುತ್ತ ನಿಲ್ಲುತ್ತಿದ್ದರು.

ಕಾಳಿನ ಧೂಳಿಗೆ ಅವನಿಗೆ ಸೀನು. ಸೀನಿಗೆ ವರ್ಷಗಟ್ಟಲೆ ಗುಳಿಗೆ, ಜೊತೆಗೆ ಬಿಪಿಯದೊಂದು. ಅರವತ್ತೈದು ದಾಟುವಷ್ಟರಲ್ಲಿ ಬಾಯಿ ಒಣಗತೊಡಗಿತು. "ಬಾಯಾಗ ಹತ್ತಿ ತುಂಬಿಧಂಗ ಆಗತೈತಿ" ಎನ್ನುತ್ತಿದ್ದ. ಚಿಂತೆ ಮಾಡುವುದರಲ್ಲಿ ನನ್ನನ್ನು ಮೀರಿಸಿದವರಿಲ್ಲ. ಬಾಯಿ ಹಸಿಯಾಗಲೆಂದು ಪೆಪರಮೆಂಟಿನ ಪಾಕೀಟು ತಂದು ತಂದು ಕೊಟ್ಟೆ. ಅಪ್ಪ ಹಗಲೆಲ್ಲ ಒಂದನ್ನು ದವಡೆಯಲ್ಲಿ ಇಟ್ಟುಕೊಂಡಿರುತ್ತಿದ್ದ. ಎರಡು ವರ್ಷದಲ್ಲಿ ಹಲ್ಲುಗಳು ಬುಡದಲ್ಲೇ ಕಪ್ಪಾಗಿ ಒಂದೊಂದಾಗಿ ಮುರಿದವು.

ರೋಣದಲ್ಲಿ ಹಲ್ಲಿನ ಡಾಕ್ಟರಬಾಯಿ ಅಪ್ಪನ ಬಾಯೊಳಗೆ ಬ್ಯಾಟರಿ ಬಿಟ್ಟು ನೋಡಿ ಕೇಳಿದರು: "ಇವ್ರಿಗೆ ದಿನಾ ಸಕ್ರಿ ತಿನ್ನಿಸಿದವ್ರು ಯಾರ್ರೀ?"

ಅಪ್ಪ ಬಾಯಿ ತೆರೆದುಕೊಂಡೇ ನನ್ನ ಕಡೆ ಹೊರಳಿ ನೋಡಿದ.

"ಜೊಲ್ಲ ಹಲ್ಲ ತೊಳೀತಿರತೈತ್ರಿ. ಅದ ಒಣಗಿದ ಮ್ಯಾಲ ಸಕ್ರಿ ಅಲ್ಲೇ ಕುಂತ ಹಲ್ಲ ತಿಂತೈತಿ," ಎಂದರು.

ಆಮೇಲಿನ ಎರಡು ಸುಗ್ಗಿ ಅಪ್ಪ ಅಂಗಡಿಯ ಗಾದಿ ಬಿಟ್ಟು ಏಳಲಿಲ್ಲ. ಯಾರಾದರೂ ಕಾಳು ಹಿಡಿದುಕೊಂಡು ಬಂದರೆ, "ಬಾಜೂ ಅಂಗಡಿಗೆ ಹೋಗ್ರಿ," ಎನ್ನುತ್ತಿದ್ದ. ಪಕ್ಕದ ಆ ಅಂಗಡಿಯ ಸಾಹೇಬರು ಸಾಲಿ ಕಲಿಯುವಾಗಿನಿಂದಲೂ ಅವನ ಗೆಳೆಯರು. ಅವರ ಚೇಷ್ಟೆಗೂ ಅಪ್ಪ ನಗುತ್ತಿರಲಿಲ್ಲ. "ಪ್ಯಾಟ್ಯಾಗ ನನ್ನ ಕೆಲಸ ಮುಗೀತಪಾ," ಎಂದು ಒಮ್ಮೆ ಅಂದ. ಆ ಮಾತು ನನ್ನ ನಿದ್ದೆ ಕೆಡಿಸಿತು.

ಡಾಕ್ಟರಬಾಯಿ ಸೆಟ್ಟು ಮಾಡಿಕೊಟ್ಟರು. ಆದರೆ ಅದಕ್ಕೂ ಜೊಲ್ಲು ಬೇಕಂತೆ. "ನೀರ ಬಿದ್ದ ಒದ್ದಿ ತಾಟಿಗೆ ಒದ್ದಿ ತಾಟ ಹೆಂಗ ಹಿಡಕೊಂತೈತಿ, ಹಂಗ. ಒಣಾ ಬಾಯಾಗ ನಿಂದ್ರೂದಿಲ್ಲ." ಬಾಯಿ ಒಣಗಿಸುತ್ತಿದ್ದದ್ದು ಸೀನಿನ ಗುಳಿಗೆಯೇ ಎಂದು, ಅದನ್ನು ಬರೆದ ಡಾಕ್ಟರರ ಹತ್ತಿರ ನಮ್ಮನ್ನು ಕಳಿಸಿ ಬದಲಿಸಲು ಹೇಳಿಸಿದರು. ಪೆಪರಮೆಂಟು ಬಂದ್. ಅಂಗಡಿಯಲ್ಲಿ ಮೂಗಿಗೆ ಅರಿವೆ. ರಾತ್ರಿ ಹಲ್ಲು ತೆಗೆದು ನೀರಲ್ಲಿಡುವುದು. ಹಗಲು ಆಗಾಗ ಒಂದು ಗುಟುಕು ನೀರು. ಬಾಟಲಿಯ ಜವಾಬ್ದಾರಿ ನನ್ನದು. ಒಂದೆರಡು ತಿಂಗಳಲ್ಲಿ ಬಾಯಿ ಪೂರ್ತಿ ಅಲ್ಲದಿದ್ದರೂ ತಕ್ಕಮಟ್ಟಿಗೆ ಹಸಿಯಾಯಿತು. ಹಲ್ಲು ನಿಂತಿತು. ಅಷ್ಟೊತ್ತಿಗೆ ಹೊಸ ಹೆಸರುಕಾಳು ಪೇಟೆಗೆ ಬಂತು.

ಆ ದಿನ ಅಪ್ಪ ಇಸ್ತ್ರಿ ಧೋತರ ಉಟ್ಟು, ಕನ್ನಡಿ ಮುಂದೆ ಹಲ್ಲಿಗೆ ಹಲ್ಲು ಬಡಿದು ಸಪ್ಪಳ ಕೇಳಿಕೊಂಡ.

"ಹ್ಯಾಂಗ ಕಾಣ್ತೀನಿ?"

"ಹಲ್ಲ ಕಾಣ್ತಾವು," ಎಂದಳು ಅವ್ವ.

ಪೇಟೆಯಲ್ಲಿ ಸಾಹೇಬರು ಹೊಳೆಮಣ್ಣೂರಿನ ರೈತನೊಬ್ಬನ ಜೊತೆ ಚೀಲದ ಬಾಯಿ ಬಿಚ್ಚಿ ವಾದಕ್ಕೆ ನಿಂತಿದ್ದರು. ಅಪ್ಪನನ್ನು ಕಂಡದ್ದೇ ಕೂಗಿದರು: "ಬಂದ ನೋಡ್ರಿ ಹಲ್ಲಿನ ಸಾವಕಾರ! ದೋಸ್ತ, ಕಡದ ಹೇಳ ಬಾ. ಜ್ವಾಕಿ, ಕಾಳ ಕಡಿ, ಹಲ್ಲ ನುಂಗಬ್ಯಾಡ!"

ಹತ್ತು ಮಂದಿ ನಕ್ಕರು. ಇಪ್ಪತ್ತು ಮಂದಿ ಕೂಡಿದರು. ಅಪ್ಪ ಒಂದು ಗುಟುಕು ನೀರು ಕುಡಿದು ಬಾಟಲಿಯನ್ನು ನನ್ನ ಕೈಗೆ ಕೊಟ್ಟ. ಆಗ ಬಾಯಿ ಒಣಗಿದ್ದು ನನ್ನದು. ಅಂಗೈಯಲ್ಲಿ ಕಾಳು ತಿಕ್ಕಿದ. ಒಂದನ್ನು ಹಲ್ಲಿಗಿಟ್ಟ.

ಕಟ್!

ಮೂರನೆಯ ಅಂಗಡಿಗೂ ಕೇಳಿಸಿತೆಂದು ಇಂದಿಗೂ ಆಣೆ ಮಾಡಿ ಹೇಳುತ್ತೇನೆ. ಅಪ್ಪ ಎರಡು ಹೋಳನ್ನೂ ಅಂಗೈ ಮೇಲಿಟ್ಟು ತೋರಿಸಿದ. "ಮೂರ ಬಿಸಲ ಕಂಡೈತಿ."

"ಖರೇ ಐತ್ರಿ ಯಜಮಾನ್ರ! ಮೂರ ದಿನಾ ಮಾಳಗಿ ಮ್ಯಾಲ ಒಣಗಿಸೀನಿ!" ರೈತ ಕುಣಿಯುವುದೊಂದು ಬಾಕಿ.

"ನಮ್ದೂ ನೋಡ್ರಿ", "ಇತ್ತಾಗ ಬರ್ರಿ" ಎಂಬ ಕೂಗು ಎದ್ದಿತು. ಅಪ್ಪ ಧೋತರದ ಚುಂಗು ಹಿಡಿದು ಹೊರಟೇಬಿಟ್ಟ. ಹಲ್ಲು ಬಿದ್ದರೆ ಹಿಡಿಯಲು ಎರಡೂ ಕೈ ಖಾಲಿ ಇರಲಿ ಎಂದು ನಾನು ಬಾಟಲಿಯನ್ನು ನನ್ನ ಚೀಲಕ್ಕೆ ತುರುಕಿ, ಚೀಲವನ್ನು ರೈತನ ಕಾಳಿನ ಮೇಲೆಯೇ ಇಟ್ಟು ಬೆನ್ನು ಹತ್ತಿದೆ. ಒಂದು ತಾಸು, ಹನ್ನೆರಡು ಅಂಗಡಿ. ಕಟ್, ಕಟ್, ನಡುವೆ ಎರಡು ಕಡೆ "ಹಸಿ ಐತಿ, ಇನ್ನೊಂದ ಬಿಸಲ ತೋರಸ್ರಿ." ಹಲ್ಲು ಅಲುಗಲಿಲ್ಲ. ಹಿಡಿಯಲೆಂದು ಚಾಚಿದ ನನ್ನ ಕೈಗಳನ್ನು ಕಂಡ ಒಬ್ಬರು ಪ್ರಸಾದ ಕೇಳುತ್ತಿದ್ದೇನೆಂದು ತಿಳಿದು ಹಿಡಿ ಶೇಂಗಾ ಹಾಕಿದರು.

ತಿರುಗಿ ಬಂದಾಗ ಸಾಹೇಬರು, "ಇನ್ನೊಮ್ಮೆ ಕಡದ ಬಿಡ, ತೂಕಕ್ಕ ಹಾಕೂಣು," ಎಂದರು. ನಾನು ನನ್ನ ಚೀಲ ಎತ್ತಿ ಹೆಗಲಿಗೆ ಹಾಕಿಕೊಂಡೆ. ಅಪ್ಪ ಹುರುಪಿನಲ್ಲಿ ಅಂಗೈಗೆ ತಿಕ್ಕುವುದನ್ನೂ ಮರೆತು ಕಾಳನ್ನು ನೇರ ಹಲ್ಲಿಗೇ ಇಟ್ಟ.

ಸಪ್ಪಳವಿಲ್ಲ.

"ಹಸಿ," ಎಂದ, ತನಗೆ ತಾನೇ ಹೇಳಿಕೊಂಡಂತೆ.

"ಆಗ ಒಣಗೈತಿ ಅಂದ್ರಿ, ಈಗ ಹಸಿ ಅಂತೀರಿ!" ರೈತ ಸಿಡಿದ. "ಕಾಳ ಅದ ಐತ್ರಿ. ಹಲ್ಲ ಬ್ಯಾರೆ ಹಾಕ್ಕೊಂಡ ಬಂದ್ರೇನ?"

ಅಪ್ಪನ ಕೈ ಮೆಲ್ಲಗೆ ಬಾಯಿಯ ಕಡೆ ಹೋಯಿತು. ಅವನು ಮತ್ತೆ ಗಾದಿಯ ಮೇಲೆ ಕೂತದ್ದು, ಮತ್ತೆಂದೂ ಏಳದ್ದು ನನ್ನ ಕಣ್ಣಿಗೆ ಕಟ್ಟಿತು. ಸಾಹೇಬರು ಮಾತ್ರ ಕಾಳಿನ ಚೀಲದೊಳಗೆ ಕೈ ಹಾಕಿ, ಬೆರಳು ನೋಡಿಕೊಂಡು, ನನ್ನನ್ನು ನೋಡಿದರು. ಹೆಗಲ ಚೀಲದಿಂದ ನನ್ನ ಚಪ್ಪಲಿ ಮೇಲೆ ತಪ್ ತಪ್ ಎಂದು ಹನಿ ಬೀಳುತ್ತಿತ್ತು.

"ಏ ಹುಚ್ಚಪ್ಪಾ, ಚೀಲದಾಗ ಮಲಪ್ರಭಾ ಹೊಳೀನ ತಂದೀಯೇನ?"

ಅಪ್ಪ ಮೊಣಕೈತನಕ ಕೈ ಇಳಿಸಿ ತಳದ ಕಾಳು ತೆಗೆದು ಕಡಿದ. ಕಟ್! "ಮ್ಯಾಲ ಹಸಿ, ಕೆಳಗ ಒಣಾ. ಎರಡೂ ಸಲ ಖರೇನ ಹೇಳೇನಿ!" ಎಂದು ಬಾಯಿ ತೆರೆದು ನಕ್ಕ, ಅಷ್ಟೂ ಹಲ್ಲು ಕಾಣುವಂತೆ. ರೈತನೂ ನಗುತ್ತ, ಮೇಲಿನ ಎರಡು ಬೊಗಸೆ ಕಾಳನ್ನು ನನ್ನ ಕರವಸ್ತ್ರಕ್ಕೆ ಸುರಿದ: "ನೀವ ನೆನಸೀರಿ, ನೀವ ಮೊಳಕಿ ಬರಿಸಿ ತಿನ್ರಿ."

ಅವತ್ತು ಕೆಟ್ಟದ್ದು ಅದೊಂದೇ. ಅಪ್ಪ ಕುಡಿದು ಕೊಟ್ಟ ಬಾಟಲಿಯ ಮುಚ್ಚಳವನ್ನು ನಾನು ಅರ್ಧವೇ ತಿರುವಿದ್ದೆ.