ತೊಂದರೆ ಇಲ್ಲ ಎಂದ ಮನೆ

ಸರ್ಕಾರಿ ಯೋಜನೆಗಳಿಂದ ಜನರಿಗೆ ಉಪಯೋಗವಾಯಿತೇ ಎಂದು ಮನೆಮನೆಗೆ ಹೋಗಿ ಕೇಳುವುದೇ ಕೊಪ್ಪದ ಸಮಾಜ ಕಾರ್ಯಕರ್ತೆ ಅಫ್ಸಾನಾಳ ಕೆಲಸವಾಗಿತ್ತು. ಮೇಗುಂದದ ಕಡೆ ಬರುತ್ತಿದ್ದ ಔಷಧಿ ವ್ಯಾನ್ ಇನ್ನೂ ಬೇಕೇ, ಆರೋಗ್ಯಕ್ಕೇನಾದರೂ ತೊಂದರೆ ಇದೆಯೇ ಎಂದು ಕೇಳಿದಾಗ, ಮನೆಗೆ ಬಂದವರೆದುರು ಕಷ್ಟ ಹೇಳಬಾರದೆಂದು ಅಲ್ಲಿನ ವೃದ್ಧೆ ವೀರಬಸಮ್ಮ, "ನಮಗೆಂತ ತೊಂದರೆ ಮಾರಾಯ್ತಿ, ಆರಾಮಿದೀವಿ. ನೀ ಮೊದ್ಲು ಕಾಫಿ ಕುಡಿ" ಎಂದು ನಕ್ಕಿದ್ದರು. ಎಲ್ಲ ಮನೆಯವರೂ ಹಾಗೇ ಹೇಳಿದರು. ಅಫ್ಸಾನಾ ಹಾಗೇ ವರದಿ ಕೊಟ್ಟಳು. ಇನ್ನು ಅಗತ್ಯವಿಲ್ಲವೆಂದು ಅಧಿಕಾರಿಗಳು ವ್ಯಾನ್ ನಿಲ್ಲಿಸಿದರು. ಅದರಲ್ಲಿ ಬರುತ್ತಿದ್ದ ಬಿ.ಪಿ. ಮಾತ್ರೆ ತಪ್ಪಿದ ವೀರಬಸಮ್ಮ ಆ ಮಳೆಗಾಲದಲ್ಲೇ ತೀರಿಕೊಂಡರು.

ಅಫ್ಸಾನಾ ಮತ್ತೆ ಆ ಮನೆಗೆ ಹೋದಾಗ ವೀರಬಸಮ್ಮನ ಗಂಡ ಕರಿಬಸವಯ್ಯ ತಾವೇ ಕಾಫಿ ಮಾಡಿ ತಂದರು. ಸಕ್ಕರೆ ಹಾಕಲು ಮರೆತಿದ್ದರು.

"ಹೇಗಿದೀರಿ?"

"ಎಂತ ತೊಂದರೆ ಇಲ್ಲ ಮಾರಾಯ್ತಿ."

ಅವಳು ಪೆನ್ನು ಮುಚ್ಚಿಟ್ಟು, ಆ ಕಾಫಿಯನ್ನು ಪೂರ್ತಿ ಕುಡಿದಳು. ಹೊರಗೆ ಅವಳು ವಾಪಸ್ ಹೋಗಬೇಕಿದ್ದ ಬಸ್ಸಿನ ಹಾರ್ನ್ ಕೇಳಿಸಿತು. "ಬಸ್ಸು ಹೋಗ್ಲಿ ಬಿಡಿ. ಅಮ್ಮಂಗೆ ಏನಾಯ್ತು, ನಿಧಾನ ಹೇಳಿ" ಎಂದು ಚಾಪೆಯ ಮೇಲೆ ಕುಳಿತಳು.